ಸಿಆರ್‌ಎ ಮೇಲೆ ದೂರು ಕೊಟ್ಟರೆ ಆಡಿಟ್ ಬರುತ್ತದೆಯೇ?

ಕೆನಡಾದ ತೆರಿಗೆ ಇಲಾಖೆಯಾದ ಸಿಆರ್‌ಎಯ ಸೇವೆ ಎಷ್ಟೇ ಕೆಟ್ಟದಾಗಿದ್ದರೂ ಎಷ್ಟೋ ಜನ ತುಟಿಬಿಚ್ಚುವುದಿಲ್ಲ. ಫೈಲಿನ ಮೇಲೆ ಕಣ್ಣು ಬಿದ್ದರೆ ಎಂಬ ಅಂಜಿಕೆ. ತೆರಿಗೆದಾರರ ಹಕ್ಕುಪತ್ರಕ್ಕೆ 2013ರಲ್ಲಿ ಸೇರಿದ 16ನೇ ಹಕ್ಕು ಇರುವುದು ಇದಕ್ಕಾಗಿಯೇ: ಸೇವೆಯ ಬಗ್ಗೆ ದೂರು ಕೊಟ್ಟವರ ಮೇಲೆ, ಮರುಪರಿಶೀಲನೆ ಕೇಳಿದವರ ಮೇಲೆ ಹಗೆ ಸಾಧಿಸುವಂತಿಲ್ಲ. ಆದರೆ ಈ ಹಕ್ಕು ಕೆಲಸಕ್ಕೆ ಬರುವುದು ಕೈಯಲ್ಲಿ ದಾಖಲೆ ಇದ್ದವರಿಗೆ.

ಮೊದಲು ಸೇವೆಯ ತಕರಾರನ್ನೂ ತೆರಿಗೆ ಮೊತ್ತದ ತಕರಾರನ್ನೂ ಬೇರೆ ಮಾಡಿ. ವಿಳಂಬ, ತಪ್ಪು ಮಾಹಿತಿ, ಒರಟುತನ ಇವಕ್ಕೆ ಆರ್‌ಸಿ193 ಫಾರಂ. ಮೊತ್ತವೇ ತಪ್ಪೆಂದರೆ ಆಕ್ಷೇಪಣೆ ಸಲ್ಲಿಸಬೇಕು. ಅದರ ಗಡುವು ತೆರಿಗೆ ಮೊತ್ತ ತಿಳಿಸುವ ನೋಟಿಸಿನ ತಾರೀಖಿನಿಂದ 90 ದಿನ. ವೈಯಕ್ತಿಕ ರಿಟರ್ನ್ ಆದರೆ ಈ 90 ದಿನ ಅಥವಾ ರಿಟರ್ನ್ ಸಲ್ಲಿಸಬೇಕಿದ್ದ ಕೊನೆಯ ದಿನದಿಂದ ಒಂದು ವರ್ಷ, ಎರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅದು. ಸೇವೆಯ ದೂರು ಈ ಗಡುವನ್ನು ತಡೆಹಿಡಿಯುವುದಿಲ್ಲ. ದೂರಿನ ಉತ್ತರಕ್ಕೆ ಕಾಯುತ್ತಾ ಆಕ್ಷೇಪಣೆಯ ಅವಧಿ ಕಳೆದುಕೊಳ್ಳುವುದು ಎಲ್ಲಕ್ಕಿಂತ ದುಬಾರಿ ತಪ್ಪು.

ಆರ್‌ಸಿ193 ತುಂಬುವಾಗ ಕರೆ ಮಾಡಿದ ದಿನ, ಹೊತ್ತು, ಮಾತಾಡಿದ ಸಿಬ್ಬಂದಿ ಹೇಳಿದ ಹೆಸರು ಮತ್ತು ಐಡಿ ಸಂಖ್ಯೆ, ಅವರು ಹೇಳಿದ್ದೇನು, ಅದರಿಂದ ಆದ ನಷ್ಟವೇನು, ಈಗ ಏನಾಗಬೇಕು, ಇಷ್ಟನ್ನು ಬರೆಯಿರಿ. ಅವರ ಉದ್ದೇಶದ ಬಗ್ಗೆ ಊಹೆ ಬೇಡ. ಕಳಿಸಿದ್ದರ ಪ್ರತಿ, ಕಳಿಸಿದ ತಾರೀಖಿಗೆ ಪುರಾವೆ ಇಟ್ಟುಕೊಳ್ಳಿ; ಮುಂದೆ ಎಲ್ಲವೂ ನಿಲ್ಲುವುದು ಆ ತಾರೀಖಿನ ಮೇಲೆ.

ದೂರಿನ ನಂತರ ಹಗೆ ಸಾಧಿಸುತ್ತಿದ್ದಾರೆ ಅನ್ನಿಸಿದರೆ ಆರ್‌ಸಿ459 ಎಂಬ ಬೇರೆಯೇ ಫಾರಂ ಇದೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ದೂರಿನ ಬೆನ್ನಿಗೇ ಆಡಿಟ್ ಪತ್ರ ಬಂತು ಎನ್ನುವುದಷ್ಟೇ ಸಾಲದು, ಆ ಫೈಲನ್ನು ದೂರಿಗೆ ಮೊದಲೇ ಆರಿಸಿರಬಹುದು. ತಿಳಿಯಲು ದಾರಿಯಿದೆ: ಖಾಸಗಿತನ ಕಾಯ್ದೆಯಡಿ ನಿಮ್ಮ ಫೈಲಿನ ಒಳಟಿಪ್ಪಣಿಗಳನ್ನು ಕೇಳಿ. ಶುಲ್ಕವಿಲ್ಲ, ಸಾಮಾನ್ಯ ಗಡುವು 30 ದಿನ. ಫೈಲು ಆಡಿಟ್‌ಗೆ ಹೋದದ್ದು ಯಾವಾಗ, ಕೈಗೆತ್ತಿಕೊಂಡವರಿಗೆ ದೂರಿನ ವಿಷಯ ಗೊತ್ತಿತ್ತೇ, ಈ ಎರಡನ್ನು ಅಲ್ಲಿ ಹುಡುಕಿ. ಈ ನಡುವೆ ಆಡಿಟರ್ ಕೇಳಿದ ಕಾಗದಪತ್ರ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ಕೊಡದಿದ್ದರೆ ಖರ್ಚುಗಳನ್ನು ಅಮಾನ್ಯ ಮಾಡಲು ಅವರಿಗೆ ನ್ಯಾಯವಾದ ಕಾರಣವೇ ಸಿಕ್ಕಂತಾಗುತ್ತದೆ.

ಈ ವ್ಯವಸ್ಥೆಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಒಂದಿದೆ. 2008ರಿಂದ ಕೆಲಸ ಮಾಡುತ್ತಿರುವ ತೆರಿಗೆದಾರರ ಒಂಬುಡ್ಸ್‌ಪರ್ಸನ್ (ಸಿಆರ್‌ಎ ಸೇವೆಯ ದೂರು ವಿಚಾರಿಸುವ ಅಧಿಕಾರಿ) ಕಚೇರಿಗೆ ವಹಿಸಿರುವ ಎಂಟು ಸೇವಾ ಹಕ್ಕುಗಳಲ್ಲಿ 16ನೆಯದು ಇಲ್ಲ. ಆರ್‌ಸಿ459 ಹೋಗುವುದು ಸಿಆರ್‌ಎಗೇ. ಹಗೆತನದ ಆರೋಪವನ್ನಾದರೂ ಹೊರಗಿನವರು ವಿಚಾರಿಸಬೇಕಿತ್ತು. ಸದ್ಯಕ್ಕಿರುವ ದಾರಿ 9ನೇ ಹಕ್ಕು: ಸೇವೆಯ ದೂರು ಕೊಟ್ಟವರಿಗೆ ವಿಚಾರಣೆಯಲ್ಲಿ ಕಂಡುಬಂದದ್ದನ್ನು ವಿವರಿಸಬೇಕು. ಇದು ಒಂಬುಡ್ಸ್‌ಪರ್ಸನ್ ವ್ಯಾಪ್ತಿಗೆ ಬರುತ್ತದೆ. ಆರ್‌ಸಿ193ಕ್ಕೆ ವಿವರಣೆಯೇ ಇಲ್ಲದ ಉತ್ತರ ಬಂದರೆ ಅದೇ ಪತ್ರವನ್ನು ಲಗತ್ತಿಸಿ ಅಲ್ಲಿಗೆ ಬರೆಯಿರಿ. ಅವರು ಶಿಫಾರಸು ಮಾಡಬಲ್ಲರು, ತೆರಿಗೆ ಮೊತ್ತ ಬದಲಿಸಲಾರರು.