ಏಕಾದಶಿ ದಿನದ ಫಾಸ್ಟ್ ಫುಡ್

ಮೊನ್ನೆ ಏಕಾದಶಿಗೆ ಶಿರಸಿ ಹತ್ತಿರದ ನಮ್ಮ ಮನೆಗೆ ಹೋಗಿದ್ದೆವು. ಆಯಿ ಅವಲಕ್ಕಿಗೆ ಬೆಲ್ಲ, ಕಾಯಿತುರಿ ಹಾಕಿ ಕಲಸುತ್ತಿದ್ದಳು. ಮೂರನೇ ಕ್ಲಾಸಿನ ಮಗಳು ಓಡಿ ಬಂದು, "ಅಪ್ಪಾ, ಅಜ್ಜಿ ಫಾಸ್ಟ್ ಫುಡ್ ತಿಂತಾ ಇದ್ದಾಳೆ" ಎಂದಳು. ಫಾಸ್ಟ್ ಅಂದರೆ ಉಪವಾಸ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ.

ತಪ್ಪು ಅನ್ನಲು ನನಗೆ ಮನಸ್ಸಾಗಲಿಲ್ಲ. ಇಂಗ್ಲಿಷಿನ ಆ ಎರಡೂ ಫಾಸ್ಟ್ ಒಂದೇ ಬೇರಿನವು. ಗಟ್ಟಿ, ಬಿಗಿ ಎನ್ನುವುದು ಅದರ ಹಳೆಯ ಅರ್ಥ. ವ್ರತವನ್ನು ಬಿಗಿಯಾಗಿ ಹಿಡಿದರೆ ಉಪವಾಸ, ಪಟ್ಟುಹಿಡಿದು ಓಡಿದರೆ ವೇಗ. ಬ್ರೇಕ್‌ಫಾಸ್ಟ್ ಅಂದರೆ ಉಪವಾಸ ಮುರಿಯುವುದೇ ಅಲ್ವಾ?

ಸಂಜೆ ಪೇಟೆಗೆ ಹೋದಾಗ ಬೋರ್ಡು ತೋರಿಸಿ ಇನ್ನೊಂದು ಅರ್ಥ ಹೇಳಿದೆ. ಗೋಬಿ ಮಂಚೂರಿಗೆ ಹೇಳಿ ಕಾಲು ಗಂಟೆ ಕಾದೆವು. ಗೋಬಿಗೆ ಕೃತಕ ಬಣ್ಣ ಹಾಕಬಾರದು ಎಂದು ಸರ್ಕಾರ 2024ರಲ್ಲಿ ಆದೇಶ ಮಾಡಿದೆ. ನಮ್ಮ ತಟ್ಟೆಯಲ್ಲಿ ಆ ಕಡುಗೆಂಪು ಇರಲಿಲ್ಲ, ಸಮಾಧಾನವಾಯಿತು. ಪಕ್ಕದ ಹೋಟೆಲಿನಲ್ಲಿ ಕೂತ ಎರಡೇ ನಿಮಿಷಕ್ಕೆ ಇಡ್ಲಿ ಬರುತ್ತದೆ. ಆದರೆ ಅದನ್ನು ಯಾರೂ ಫಾಸ್ಟ್ ಫುಡ್ ಅನ್ನುವುದಿಲ್ಲ, ಅದು ತಿಂಡಿ. ನಮ್ಮ ಕಡೆ ಆ ಹೆಸರು ನೂಡಲ್ಸ್, ಫ್ರೈಡ್ ರೈಸ್, ಗೋಬಿಗೇ ಅಂಟಿಕೊಂಡಿದೆ.

ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು 1948ರಲ್ಲಿ ತಮ್ಮ ಹೋಟೆಲಿನ ತಿನಿಸುಗಳ ಪಟ್ಟಿಯನ್ನೇ ಚಿಕ್ಕದು ಮಾಡಿದರು. ಒಬ್ಬ ಬೇಯಿಸುವುದು, ಇನ್ನೊಬ್ಬ ಕಟ್ಟಿಕೊಡುವುದು ಎಂದು ಕೆಲಸ ಹಂಚಿದರು. ವೇಗ ಬಂದದ್ದು ಆ ಹಂಚಿಕೆಯಿಂದ. ಹಾಗೆ ನೋಡಿದರೆ ನಮ್ಮ ಇಡ್ಲಿ ಹೋಟೆಲೂ ಅದೇ ಸಾಲಿನದು. ಬೆಳಗಿನ ಜಾವ ಎದ್ದು ಹಿಟ್ಟು, ಚಟ್ನಿ, ಸಾಂಬಾರು ಸಿದ್ಧ ಮಾಡಿಟ್ಟವರಿಗೆ ಆ ಹೆಸರು ಸಿಗಲಿಲ್ಲ ಎಂದು ನನಗೆ ನಿಜಕ್ಕೂ ಬೇಜಾರಾಗುತ್ತದೆ.

ರಾತ್ರಿ ಮನೆಗೆ ಬಂದರೆ ಮಗಳಿಗೆ ಮತ್ತೆ ಹಸಿವು. ಬೇರೆಯವರಿಗೆಂದು ಮಾಡಿದ ಅನ್ನ ಇತ್ತು. "ನಿಂತ್ಕ ಕೂಸೇ, ಐದು ನಿಮಿಷ" ಎಂದ ಆಯಿ, ಬಾವಿಕಟ್ಟೆ ಪಕ್ಕದಿಂದ ಒಂದು ಹಿಡಿ ಒಂದೆಲಗ ಕಿತ್ತು ತಂದಳು. ಕಾಯಿತುರಿ, ಜೀರಿಗೆ ಜೊತೆ ಹಸಿಯಾಗಿಯೇ ಬೀಸಿದಳು. ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ ಒಗ್ಗರಣೆ ಕೊಟ್ಟಳು. ಕುದಿಸುವ ಕೆಲಸವೇ ಇಲ್ಲ. ಗಡಿಯಾರ ನೋಡಿದೆ, ಏಳು ನಿಮಿಷ.

ಮಗಳು ತಂಬಳಿ ಅನ್ನ ಸುರಿಯುತ್ತಾ ಕೇಳಿದಳು, "ಅಜ್ಜಿ, ಇದೂ ಫಾಸ್ಟ್ ಫುಡ್ಡಾ?"

ಬೆಳಗಿನಿಂದ ಅವಲಕ್ಕಿಯಲ್ಲೇ ಇದ್ದ ಆಯಿ ಇನ್ನೊಂದು ಸೌಟು ಬಡಿಸಿದಳು.