ಸಂಪಿನ ತನಕ

ಭಾನುವಾರದಿಂದ ಒಬ್ಬ ಟ್ಯಾಂಕರ್ ಡ್ರೈವರ್ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಬೆಂಗಳೂರಿನ ಥಣಿಸಂದ್ರದ ಕಡೆ ಅಕ್ಕ ಹೊಸದಾಗಿ ಫ್ಲ್ಯಾಟ್ ತಗೊಂಡಿದ್ದಾಳೆ, 17ನೇ ಮಹಡಿ. ಅಮ್ಮನನ್ನು ಬಿಟ್ಟು ಬರಲು ಹೋಗಿದ್ದೆ. ಗೇಟಿನ ಮುಂದೆ ನೀರಿನ ಟ್ಯಾಂಕರ್ ಅಡ್ಡ ನಿಂತಿತ್ತು. ರಸ್ತೆ ಎಷ್ಟು ಇಕ್ಕಟ್ಟು ಅಂದರೆ ಅದು ಒಳಗೆ ತಿರುಗಲು ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕಾಯಿತು, ಕ್ಲೀನರ್ ಹುಡುಗ ಟ್ಯಾಂಕರ್ ಬಡಿಯುತ್ತಾ "ಬರ್ಲಿ, ಬರ್ಲಿ" ಅಂತ ಕೂಗುತ್ತಿದ್ದ, ಹಿಂದೆ ಆಟೋಗಳ ಹಾರ್ನ್. ಅಮ್ಮ ಕಟ್ಟಡದ ತುದಿ ನೋಡಿ ಡ್ರೈವರ್‌ನನ್ನು ಕೇಳಿದಳು, "ಅಲ್ಲಪ್ಪಾ, ಅಷ್ಟು ಮೇಲಕ್ಕೆ ನೀರು ಹೆಂಗೆ ಹೋಗುತ್ತೆ?"

"ಸಂಪಿನ ತನಕ ನಮ್ದು ಅಮ್ಮಾ. ಅಲ್ಲಿಂದ ಮೇಲೆ ನಂಗೊತ್ತಿಲ್ಲ."

ಅವನದು ಉಡಾಫೆ ಮಾತಲ್ಲ. ಇಳಿದು ಬಂದು ಅಮ್ಮನಿಗೆ ದಾರಿ ಆಗಲಿ ಅಂತ ಪೈಪು ಎತ್ತಿ ಹಿಡಿದ, ಒಳ್ಳೆಯ ಮನುಷ್ಯ. ತನ್ನ ಕೆಲಸ ಎಲ್ಲಿಗೆ ಮುಗಿಯುತ್ತೆ ಅಂತ ಹೇಳಿದ ಅಷ್ಟೇ. ಆದರೆ ಬೆಂಗಳೂರಿನಲ್ಲಿ ಇಷ್ಟೆತ್ತರ ಕಟ್ಟುವವರು, ಕಟ್ಟಲು ಬಿಡುವವರು ಎಲ್ಲರೂ ಇದನ್ನೇ ಹೇಳುತ್ತಿದ್ದಾರೆ ಅನ್ನಿಸಿತು. ಕಟ್ಟಿದವರದು ಕೀ ಕೊಡುವ ತನಕ. ನಕ್ಷೆಗೆ ಸಹಿ ಹಾಕಿದವರದು ಆ ಕಾಗದದ ತನಕ.

ಭಾವ ಬಾಲ್ಕನಿಗೆ ಕರೆದುಕೊಂಡು ಹೋಗಿ, "ಎಷ್ಟು ಗಾಳಿ ನೋಡು, ರಾಜಧಾನಿ ಅಂದ್ಮೇಲೆ ಹಿಂಗೇ ಇರ್ಬೇಕು" ಅಂದರು. ಇಪ್ಪತ್ತು ವರ್ಷದ ಸಾಲ ಮಾಡಿದ್ದಾರೆ, ಅವರ ಖುಷಿ ನನಗೆ ಅರ್ಥವಾಗುತ್ತೆ. ನಾನೂ ಎತ್ತರದ ವಿರೋಧಿಯಲ್ಲ. ಚಿಕ್ಕವನಿದ್ದಾಗ ಎಂ.ಜಿ. ರಸ್ತೆಗೆ ಹೋದರೆ ಯುಟಿಲಿಟಿ ಬಿಲ್ಡಿಂಗಿನ 25 ಮಹಡಿ ಎಣಿಸುವುದೇ ನನಗೆ ಆಟ. ಊರನ್ನು ಮೇಲಕ್ಕೆ ಬೆಳೆಯಲು ಬಿಡದಿದ್ದರೆ ಅದು ಅಗಲಕ್ಕೆ ಬೆಳೆಯುತ್ತೆ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟ, ಆನೇಕಲ್ ಕಡೆಯ ರಾಗಿ ಹೊಲ ಎಲ್ಲ ನುಂಗುತ್ತೆ. ಮೆಟ್ರೋ ಪಕ್ಕ, ಅಗಲ ರಸ್ತೆ ಇರುವ ಕಡೆ 40 ಮಹಡಿ ಕಟ್ಟಲಿ, ನನಗೆ ಸಂತೋಷವೇ.

ಆದರೆ ನೀರು? ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ತರುತ್ತೇವೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ಊರು ಮುಟ್ಟಿದ ಮೇಲೆ ಮತ್ತೆ 17 ಮಹಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಪಟ್ಟ ಪಾಡು ಯಾರೂ ಮರೆತಿಲ್ಲ, ಅಲ್ವಾ? ಆ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತ ಶುರುವಾಯಿತು. ಅಕ್ಕನ ಕಾಂಪ್ಲೆಕ್ಸಿಗೆ ಇನ್ನೂ ಟ್ಯಾಂಕರೇ ಗತಿ.

ನೀರಿಗಿಂತ ಜಾಸ್ತಿ ಕಾಡುತ್ತಿರುವುದು ಆ ತಿರುವು. 2022ರಲ್ಲಿ ಅಗ್ನಿಶಾಮಕ ದಳಕ್ಕೆ 90 ಮೀಟರ್ ಎತ್ತರ ಹೋಗುವ ಏಣಿಯ ವಾಹನ ಬಂತು. ಅಕ್ಕನ ಮನೆಗೆ ಧಾರಾಳವಾಗಿ ಎಟುಕುತ್ತೆ. ಟ್ಯಾಂಕರೇ ನಾಲ್ಕು ಸಲ ಹಿಂದೆ ಮುಂದೆ ಮಾಡಿದ ಜಾಗದಲ್ಲಿ ಅಷ್ಟು ದೊಡ್ಡ ಗಾಡಿ ಹೇಗೆ ತಿರುಗಬೇಕು? ಹಾಗಂತ ಇಷ್ಟೇ ಮಹಡಿ ಅಂತ ಗೆರೆ ಎಳೆದರೆ ಸಾಕು ಅಂತಲೂ ಅಲ್ಲ. 2010ರ ಫೆಬ್ರವರಿಯಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಸತ್ತರು. ಅದಕ್ಕಿದ್ದದ್ದು ಏಳೇ ಮಹಡಿ. ಎಷ್ಟು ಎತ್ತರ ಅಂತ ಕೇಳುವ ಮೊದಲು ಅದರ ಮುಂದಿನ ರಸ್ತೆ ಎಷ್ಟು ಅಗಲ, ನೀರು ಎಲ್ಲಿಂದ, ಓಡಿಹೋಗಲು ದಾರಿ ಎಲ್ಲಿ ಅಂತ ಕೇಳಬೇಕು. ಕಟ್ಟಿದ ಮೇಲೂ ವರ್ಷ ವರ್ಷ ಹೋಗಿ ನೋಡಬೇಕು.

ಹೊರಡುವಾಗ ಲಿಫ್ಟ್ ಬಿಟ್ಟು ಮೆಟ್ಟಿಲು ಇಳಿದೆ. 11ನೇ ಮಹಡಿಯಲ್ಲಿ ಎರಡು ಸೈಕಲ್, ಒಂದು ಚಪ್ಪಲಿ ಸ್ಟ್ಯಾಂಡ್, ಹಳೇ ಹಾಸಿಗೆ. ಪಕ್ಕಕ್ಕೆ ತಿರುಗಿ ಹೊಟ್ಟೆ ಒಳಗೆಳೆದುಕೊಂಡೇ ದಾಟಿದೆ. ಮಂಡಿನೋವಿನ ಅಮ್ಮ ಹೊಗೆಯಲ್ಲಿ ಇಲ್ಲಿ ಹೇಗೆ ದಾಟುತ್ತಾಳೆ? ಕೆಳಗೆ ಬಂದವನೇ ಅಕ್ಕನಿಗೆ ಫೋನ್ ಮಾಡಿ, ಅಮ್ಮ ಇನ್ನೊಂದು ತಿಂಗಳು ಇರ್ತಾಳೆ, ಇವತ್ತೇ ಹೇಳಿ ಆ ಸೈಕಲ್ ತೆಗೆಸು ಅಂದೆ.