ಎಡೆ ಹೊಡೆಯೋಕೆ ಇನ್ನೂ ಆ ಹಳೇ ಟ್ರ್ಯಾಕ್ಟರ್ ಯಾಕೆ?

"ಹೊಸ ಟ್ರ್ಯಾಕ್ಟರ್ ಇದೆಯಲ್ಲ, ಎಡೆ ಹೊಡೆಯೋಕೆ ಅದನ್ನೇ ಕಟ್ಟಬಾರದಾ? ಆ ಹಳೇದನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀರಿ?" ಹೊಲದ ಕಡೆ ಬಂದವರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಟ್ರ್ಯಾಕ್ಟರ್ ಮಾರುವವರಂತೂ ಕೇಳಿಯೇ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಇರುತ್ತದೆ: ದುಡ್ಡು ಉಳಿಸೋಕೆ, ಇಲ್ಲಾಂದ್ರೆ ಹಳೇ ವಸ್ತುವಿನ ಮೇಲಿನ ಮೋಹ. ಮೋಹ ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಆದರೆ ಬರೀ ಮೋಹಕ್ಕೆ ಡೀಸೆಲ್ ಹಾಕುವವನು ನಾನಲ್ಲ.

ನನ್ನ ಉತ್ತರ ಇಷ್ಟು. ಸಾಲು ಬೆಳೆಯಲ್ಲಿ ಎಡೆ ಹೊಡೆಯುವುದು, ಅಂದರೆ ಸಾಲುಗಳ ನಡುವಿನ ಮಣ್ಣು ಕೆರೆದು ಕಳೆ ತೆಗೆಯುವುದು, ಶಕ್ತಿಯ ಕೆಲಸ ಅಲ್ಲ, ಸಮಯದ ಕೆಲಸ. ಆ ಸಮಯಕ್ಕೆ ಕುಳ (ಮಣ್ಣು ಕೆರೆಯುವ ಕಬ್ಬಿಣದ ಅಲಗು) ಕಟ್ಟಿಕೊಂಡು, ಅಳತೆ ಹೊಂದಿಸಿಕೊಂಡು, ಬೇರೆ ಯಾವ ಕೆಲಸಕ್ಕೂ ಹೋಗದೆ ಸಿದ್ಧವಾಗಿ ನಿಂತಿರುವ ಗಾಡಿ ಬೇಕು. ಹೊಸ ಟ್ರ್ಯಾಕ್ಟರನ್ನು ಹಾಗೆ ನಿಲ್ಲಿಸಿಡೋಕೆ ಯಾರಿಗೂ ಆಗಲ್ಲ. ಹಳೇದನ್ನು ನಿಲ್ಲಿಸಿಡಬಹುದು.

ಕಳೆಯನ್ನು ಸ್ವಲ್ಪ ಗಮನಿಸಿ ನೋಡಿ. ಬೀಜ ಒಡೆದು ಬಿಳೀ ದಾರದ ಹಾಗೆ ಮಣ್ಣಿನೊಳಗೇ ಇರುವಾಗ ಅದನ್ನು ಕೊಲ್ಲುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣು ಅಲುಗಾಡಿದರೆ ಸಾಕು, ಒಣಗಿ ಹೋಗುತ್ತದೆ. ಎರಡೆಲೆ ಬಿಟ್ಟ ಮೇಲೂ ಪರವಾಗಿಲ್ಲ. ಬೆರಳುದ್ದ ಬೆಳೆದು ಬೇರು ಹಿಡಿದ ಮೇಲೆ ಅದೇ ಕುಳ ಅದನ್ನು ಕಿತ್ತು ಪಕ್ಕಕ್ಕೆ ನೆಡುತ್ತದೆ ಅಷ್ಟೇ. ಸಂಜೆ ಒಂದು ಮಳೆ ಬಿದ್ದರೆ ಮಾರನೇ ದಿನ ಮತ್ತೆ ತಲೆ ಎತ್ತಿರುತ್ತದೆ. ಮೆಕ್ಕೆಜೋಳದಂಥ ಬೆಳೆಯಲ್ಲಿ ಮೊದಲ ನಾಲ್ಕರಿಂದ ಆರು ವಾರ ಕಳೆ ಇಲ್ಲದಂತೆ ನೋಡಿಕೊಂಡರೆ ಇಳುವರಿಗೆ ಹೆಚ್ಚು ಪೆಟ್ಟು ಬೀಳಲ್ಲ. ಆಮೇಲೆ ಎಲೆಯ ನೆರಳೇ ಕಳೆಯನ್ನು ನೋಡಿಕೊಳ್ಳುತ್ತದೆ.

ಈ ಕೆಲವೇ ವಾರಗಳಲ್ಲಿ ಮಳೆ ಬರುತ್ತದೆ, ಮಣ್ಣು ಅಂಟುತ್ತದೆ, ಮತ್ತೆ ಹದಕ್ಕೆ ಬರುತ್ತದೆ. ಹದ ಸಿಕ್ಕಿ, ಬಿಸಿಲೂ ಇರುವ ದಿನ ಬಂದಾಗ ಗಾಡಿ ಟ್ರೈಲರ್ ಎಳೆಯುತ್ತಿದ್ದರೆ, ಅಥವಾ ಮಣ್ಣು ಪುಡಿ ಮಾಡುವ ರೋಟವೇಟರ್ ಬಿಚ್ಚಿ, ಕುಳಗಳಿರುವ ಕುಂಟೆ ಕಟ್ಟಿ ಚಕ್ರದ ಅಗಲ ಬದಲಾಯಿಸುವುದರಲ್ಲೇ ಅರ್ಧ ದಿನ ಹೋದರೆ, ಆ ಹದ ಮತ್ತೆ ಬರಲ್ಲ. ಈ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚಕ್ರದ ಅಗಲ ಅಂದೆ. ಎಡವಟ್ಟು ಜಾಸ್ತಿ ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಇದ್ದರೆ, ಎರಡು ಚಕ್ರಗಳ ನಡುಮಧ್ಯದ ಅಂತರ 120 ಇರಬೇಕು. ಆಗ ಗಾಡಿ ಎರಡು ಸಾಲನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು, ಎರಡೂ ಚಕ್ರ ಎಡೆಯ ಮಧ್ಯದಲ್ಲೇ ಉರುಳುತ್ತವೆ. ಸಾಲು 75 ಆದರೆ ಚಕ್ರ 150. ಸಾಲು 45 ಆದರೆ ಮೂರು ಸಾಲಿನ ಮೇಲೆ 135. ಮುಂದಿನ ಚಕ್ರ, ಹಿಂದಿನ ಚಕ್ರ ಎರಡಕ್ಕೂ ಇದೇ ಲೆಕ್ಕ. ಮುಂದಿನದನ್ನು ಮರೆಯುವವರೇ ಜಾಸ್ತಿ. ಇನ್ನು ಟೈರಿನ ಅಗಲ ನೋಡಿ: 60ರ ಎಡೆಯಲ್ಲಿ 34 ಸೆಂಟಿಮೀಟರಿನ ಟೈರ್ ಹೋದರೆ ಆ ಕಡೆ ಈ ಕಡೆ ಉಳಿಯುವುದು 13 ಮಾತ್ರ. ಸ್ಟೇರಿಂಗ್ ಕೊಂಚ ಅಲುಗಿದರೂ ಸಸಿಯ ಮೇಲೆ. ಹಳೇ ಸಣ್ಣ ಟ್ರ್ಯಾಕ್ಟರುಗಳ ಕಿರಿದಾದ ಟೈರ್ ಇಲ್ಲಿ ವರ. ದೊಡ್ಡ ಗಾಡಿಯ ದಪ್ಪ ಟೈರ್ ಉಳುವಾಗ ಒಳ್ಳೆಯದು, ಎಡೆಯಲ್ಲಿ ಕಷ್ಟ.

ತೂಕದ ಮಾತೂ ಇದೆ. 1939ರಲ್ಲಿ ಬಂದ ಫೋರ್ಡ್ 9ಎನ್ ತೂಕ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಈಗಿನ ಮಧ್ಯಮ ಗಾತ್ರದ ಗಾಡಿಗಳು ಸುಮಾರಾಗಿ ಅದರ ಎರಡರಷ್ಟು. ಎಡೆ ಹೊಡೆಯುವಾಗ ಒಂದೇ ಹೊಲದಲ್ಲಿ ಮತ್ತೆ ಮತ್ತೆ ಓಡಾಡುತ್ತೇವೆ, ಅದೂ ಬೇರು ಹರಡುತ್ತಿರುವ ಹೊತ್ತಿನಲ್ಲಿ. ಹಗುರ ಗಾಡಿ ಮಣ್ಣನ್ನು ಕಡಿಮೆ ಗಟ್ಟಿ ಮಾಡುತ್ತದೆ. ಹಾಗಂತ ಹಸಿ ಮಣ್ಣಿಗೆ ಇಳಿಸಿದರೆ ಯಾವ ಗಾಡಿಯಾದರೂ ಹಾಳೇ.

ಹಳೇ ಗಾಡಿಗಳಲ್ಲಿ ಕೆಲವು ಇದೇ ಕೆಲಸಕ್ಕೆ ಅಂತಲೇ ಹುಟ್ಟಿದವು, ಇದು ಬಹಳ ಜನರಿಗೆ ಗೊತ್ತಿಲ್ಲ. 1917ರಲ್ಲಿ ಫೋರ್ಡ್‌ಸನ್ ಬಂದಾಗ ಟ್ರ್ಯಾಕ್ಟರ್ ಉಳುವುದನ್ನು ಕಲಿತಿತ್ತು, ಆದರೆ ನಿಂತ ಪೈರಿನ ನಡುವೆ ಹೋಗೋಕೆ ಅದರಿಂದ ಆಗುತ್ತಿರಲಿಲ್ಲ. ಹಾಗಾಗಿ ಟ್ರ್ಯಾಕ್ಟರ್ ಕೊಂಡವರೂ ಎಡೆ ಹೊಡೆಯೋಕೆ ಕುದುರೆ ಸಾಕುತ್ತಿದ್ದರು. ಅಮೆರಿಕದಲ್ಲಿ ಮೆಕ್ಕೆಜೋಳದ ಸಾಲು ಒಂದು ಮೀಟರಿಗಿಂತ ಅಗಲ ಇದ್ದದ್ದಕ್ಕೂ ಕುದುರೆಯೇ ಕಾರಣ. ಅದು ಸಸಿ ತುಳಿಯದೆ ನಡೆಯಲು ಅಷ್ಟು ಜಾಗ ಬೇಕಿತ್ತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಬರ್ಟ್ ಬೆಂಜಮಿನ್ ಎಂಬ ಎಂಜಿನಿಯರ್ ಇದನ್ನು ಹಿಡಿದು ಕೂತರು. 1924ರಲ್ಲಿ ಅವರ ಫಾರ್ಮಾಲ್ ಹೊರಬಂತು. ಎತ್ತರದ ಹಿಂದಿನ ಆಕ್ಸಲ್, ಮುಂದೆ ಹತ್ತಿರ ಹತ್ತಿರ ಎರಡು ಪುಟ್ಟ ಚಕ್ರ. ಪೈರು ಹೊಟ್ಟೆಯ ಕೆಳಗೆ ಹಾದು ಹೋಗುವಂತೆ ಇಡೀ ಗಾಡಿಯನ್ನೇ ಎತ್ತಿ ನಿಲ್ಲಿಸಿದ್ದರು.

ಅದಕ್ಕಿಂತ ನನಗೆ ಇಷ್ಟವಾಗುವುದು ಅದೇ ಕಂಪನಿಯ 1939ರ ಫಾರ್ಮಾಲ್ ಎ. ಎಂಜಿನ್ನನ್ನು ಎಡಕ್ಕೆ ಸರಿಸಿ, ಸೀಟನ್ನು ಬಲಕ್ಕೆ ಇಟ್ಟರು. ಕೂತವನ ಮುಂದೆ ಎಂಜಿನ್ ಇಲ್ಲ, ನೇರವಾಗಿ ಸಾಲೇ ಕಾಣುತ್ತದೆ. ಆಲಿಸ್ ಚಾಲ್ಮರ್ಸ್ ಕಂಪನಿ 1948ರಲ್ಲಿ ಮಾಡೆಲ್ ಜಿ ತಂದಾಗ ಇನ್ನೂ ಮುಂದೆ ಹೋಗಿ ಎಂಜಿನ್ನನ್ನು ಸೀಟಿನ ಹಿಂದಕ್ಕೇ ಹಾಕಿತು. ಶಕ್ತಿ ಸುಮಾರು ಹತ್ತು ಎಚ್‌ಪಿ ಮಾತ್ರ. 1955ರಲ್ಲೇ ತಯಾರಿಕೆ ನಿಂತರೂ ತರಕಾರಿ ಬೆಳೆಯುವವರು ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗಿ ತರುತ್ತಾರೆ. ಕೆಲವರು ಎಂಜಿನ್ ತೆಗೆದು ಬ್ಯಾಟರಿ, ಮೋಟಾರ್ ಕೂರಿಸಿಕೊಂಡು ಓಡಿಸುತ್ತಿದ್ದಾರೆ. ಹತ್ತು ಎಚ್‌ಪಿ ಸಾಕಾಗುತ್ತಾ ಅಂತ ಕೇಳಿದರೆ, ಮೇಲಿನ ಮಣ್ಣು ಕೆರೆಯೋಕೆ ಸಾಕು. ಅದಕ್ಕಿಂತ ಆಳಕ್ಕೆ ಹೋಗುವುದೇ ತಪ್ಪು. ಆಳಕ್ಕೆ ಹೋದರೆ ಬೆಳೆಯ ಬೇರು ಕತ್ತರಿಸುತ್ತದೆ, ಒಳಗೆ ಮಲಗಿದ್ದ ಕಳೆ ಬೀಜವೂ ಮೇಲೆ ಬರುತ್ತದೆ.

ಕಣ್ಣಿಗೆ ಕಾಣುವುದರ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ಕುಳ ಹೊಟ್ಟೆಯ ಕೆಳಗಿದ್ದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಿದಾಗ ಕುಳವೂ ಬಲಕ್ಕೆ ಬರುತ್ತದೆ. ಕುಳ ಹಿಂದೆ ಮೂರು ಲಿಂಕಿನಲ್ಲಿ (ಕೆಳಗೆ ಎರಡು, ಮೇಲೆ ಒಂದು ತೋಳು) ಕಟ್ಟಿದ್ದರೆ ಉಲ್ಟಾ: ಮುಂದಿನ ಚಕ್ರ ಬಲಕ್ಕೆ ಹೋದರೆ ಹಿಂದಿನ ಕುಂಟೆ ಮೊದಲು ಎಡಕ್ಕೆ ಬಾಲ ಬೀಸುತ್ತದೆ. ಸಸಿಗೆ ಹತ್ತಿರ ಬಂತು ಅಂತ ಗಾಬರಿಯಲ್ಲಿ ಸ್ಟೇರಿಂಗ್ ಎಳೆದರೆ, ತಪ್ಪಿಸಬೇಕಾದ ಸಾಲನ್ನೇ ಕಿತ್ತು ಹಾಕುತ್ತದೆ. ನಮ್ಮಲ್ಲಿ ಬಹುತೇಕರ ಹತ್ತಿರ ಇರುವುದು ಹಿಂದೆ ಕಟ್ಟುವ ಗಾಡಿಯೇ. ಹ್ಯಾರಿ ಫರ್ಗುಸನ್ ರೂಪಿಸಿದ ಮೂರು ಲಿಂಕಿನ ವ್ಯವಸ್ಥೆ ಗೆದ್ದ ಮೇಲೆ ಲೋಕವೆಲ್ಲ ಆ ಕಡೆಗೇ ಹೋಯಿತು. ಕಟ್ಟೋಕೆ, ಬಿಚ್ಚೋಕೆ ಸುಲಭ ಅನ್ನುವುದು ನಿಜ. ಆದರೆ ಎಡೆ ಹೊಡೆಯುವವನಿಗೆ ಅದು ಕುತ್ತಿಗೆ ನೋವು, ಮುಂದೆ ನೋಡಬೇಕಾ ಹಿಂದೆ ನೋಡಬೇಕಾ ಅನ್ನುವ ಗೊಂದಲ.

ಹಿಂದೆ ಕಟ್ಟಿದಾಗ ಮಾಡಬೇಕಾದದ್ದು ಇಷ್ಟು. ಕೆಳ ಲಿಂಕಿನ ಪಕ್ಕದ ಚೈನುಗಳನ್ನು ಬಿಗಿ ಮಾಡಿ, ಕುಂಟೆ ಅತ್ತಿತ್ತ ತೂಗಾಡಬಾರದು. ಮುಂದಿನ ಚಕ್ರದ ಹತ್ತಿರ ಒಂದು ಕಡ್ಡಿಯನ್ನೋ ಸರಳನ್ನೋ ಗುರುತಿಗೆ ಕಟ್ಟಿ, ಅದು ಒಂದೇ ಸಾಲಿನ ಮೇಲೆ ಹೋಗುವಂತೆ ನೋಡುತ್ತಾ ನಡೆಸಿ. ಹಿಂದಿನದು ತಾನಾಗಿ ಬರುತ್ತದೆ. ಕುಂಟೆಗೆ ಆಳ ಹಿಡಿಯುವ ಪುಟ್ಟ ಚಕ್ರ ಇರಲಿ, ಕುಂಟೆ ಎತ್ತಿ ಇಳಿಸುವ ಲಿಫ್ಟನ್ನೇ ನಂಬಬೇಡಿ. ಸಸಿ ಚಿಕ್ಕದಿದ್ದಾಗ ಸಾಲಿನ ಎರಡೂ ಕಡೆ ತಗಡಿನ ತಡೆ ಕಟ್ಟಿದರೆ ಮಣ್ಣು ಸಸಿಯನ್ನು ಮುಚ್ಚಲ್ಲ. ಸಸಿ ದೊಡ್ಡದಾದ ಮೇಲೆ ತಗಡು ತೆಗೆದು, ಸ್ವಲ್ಪ ವೇಗವಾಗಿ ಹೋಗಿ. ಆಗ ಮಣ್ಣು ಬುಡಕ್ಕೆ ಹಾರಿ ಸಾಲಿನೊಳಗಿನ ಸಣ್ಣ ಕಳೆ ಮುಚ್ಚಿ ಹೋಗುತ್ತದೆ. ಸಾಲಿನೊಳಗಿನ ಕಳೆಗೆ ಟ್ರ್ಯಾಕ್ಟರಿನಲ್ಲಿ ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಕುಳ ಹೊಂದಿಸುವುದನ್ನು ಹೊಲದಲ್ಲಿ ಮಾಡಬೇಡಿ. ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಾಲಿನ ಗೆರೆ ಎಳೆದು, ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಕುಳ ಇಳಿಸಿ ನೋಡಿ. ಗೆರೆಯಿಂದ ಎರಡೂ ಕಡೆ ಮೊದಲ ಸಲಕ್ಕೆ ಎಂಟು ಹತ್ತು ಸೆಂಟಿಮೀಟರ್, ಬೇರು ಹರಡಿದ ಮೇಲೆ ಇನ್ನೂ ದೂರ. ಪಕ್ಕಪಕ್ಕದ ಕುಳಗಳು ಸ್ವಲ್ಪ ಒಂದರ ಮೇಲೊಂದು ಹಾಯಬೇಕು, ಇಲ್ಲದಿದ್ದರೆ ನಡುವೆ ಕಳೆಯ ಗೆರೆ ಉಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಬಿತ್ತನೆಯ ದಿನವೇ ಯೋಚಿಸಬೇಕು. ನಾಲ್ಕು ಸಾಲಿನ ಕೂರಿಗೆಯಲ್ಲಿ ಬಿತ್ತಿದರೆ ಎಡೆ ಹೊಡೆಯುವುದು ನಾಲ್ಕು ಸಾಲು ಅಥವಾ ಎರಡು ಸಾಲು. ಮೂರು ಸಾಲು ಹಿಡಿದರೆ ಕೆಟ್ಟಿತು. ಯಾಕೆಂದರೆ ಕೂರಿಗೆಯೊಳಗಿನ ನಾಲ್ಕು ಸಾಲಿನ ಅಂತರ ಕಬ್ಬಿಣದಲ್ಲಿ ಕಟ್ಟಿದ್ದು, ಬದಲಾಗಲ್ಲ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವಿನ ಎಡೆ ಮಾತ್ರ ಓಡಿಸಿದವನ ಕೈಯಲ್ಲಿರುತ್ತದೆ, ಒಂದು ಕಡೆ ಅಗಲ ಒಂದು ಕಡೆ ಕಿರಿದು. ಮೂರು ಸಾಲಿನ ಕುಂಟೆ ಆ ಎಡೆಯನ್ನು ದಾಟಿ ಹಿಡಿದಾಗ ಯಾವುದೋ ಒಂದು ಸಾಲು ಹೋಗುತ್ತದೆ. ಆಮೇಲೆ ಟ್ರ್ಯಾಕ್ಟರನ್ನು ಬೈದು ಪ್ರಯೋಜನ ಇಲ್ಲ.

ಈಗ ಹಳೇ ಗಾಡಿಯ ಕೆಟ್ಟ ಗುಣಗಳು. ಹೊಗಳುವವರು ಇದನ್ನು ಹೇಳಲ್ಲ. 9ಎನ್‌ಗೆ ಮುಂದಕ್ಕೆ ಇರುವುದು ಮೂರೇ ಗೇರ್. ಪುಟ್ಟ ಸಸಿಗೆ ಬೇಕಾದ ಆಮೆಗತಿಗೆ ಮೊದಲ ಗೇರೂ ವೇಗವೇ. ಎಂಜಿನ್ ತೀರಾ ಇಳಿಸಿ ಓಡಿಸಬೇಕು. 1950ರ ದಶಕದಲ್ಲಿ ಬಂದ ಫರ್ಗುಸನ್ 35ರಲ್ಲಿ ಹೈ, ಲೋ ಸೇರಿ ಆರು ಗೇರ್ ಇರುವುದರಿಂದ ಈ ತೊಂದರೆ ಕಡಿಮೆ. ಇನ್ನೊಂದು ತಮಾಷೆ ಲಿಫ್ಟಿನದು. ಆ ಕಾಲದ ಕೆಲವು ಗಾಡಿಗಳಲ್ಲಿ ಲಿಫ್ಟ್ ಪಂಪ್ ತಿರುಗುವುದು ಕ್ಲಚ್ಚಿನ ಆಚೆ. ಸಾಲಿನ ಕೊನೆಗೆ ಬಂದು ಅಭ್ಯಾಸದಂತೆ ಕ್ಲಚ್ ಒತ್ತಿ ಲಿವರ್ ಎತ್ತಿದರೆ ಕುಂಟೆ ಮೇಲೇಳಲ್ಲ, ಪಂಪೂ ನಿಂತಿರುತ್ತದೆ. ಮೊದಲು ಎತ್ತಬೇಕು, ಆಮೇಲೆ ಕ್ಲಚ್. ಹೊಸ ಗಾಡಿ ಓಡಿಸಿ ಬೆಳೆದ ಹುಡುಗರಿಗೆ ಇದನ್ನು ಕೂರಿಸುವ ಮೊದಲೇ ಹೇಳಬೇಕು.

ನಿಜವಾಗಿ ಹೆದರಬೇಕಾದದ್ದು ಮಗುಚುವುದಕ್ಕೆ. ಹಳೇ ಟ್ರ್ಯಾಕ್ಟರುಗಳಲ್ಲಿ ಮಗುಚಿದಾಗ ಕಾಪಾಡುವ ಕಬ್ಬಿಣದ ಚೌಕಟ್ಟು ಇರಲ್ಲ, ಸೀಟ್ ಬೆಲ್ಟೂ ಇರಲ್ಲ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರಿಗೆ ಈ ಚೌಕಟ್ಟು ಕಡ್ಡಾಯ ಮಾಡಿತು. ಆಮೇಲೆ ಅಲ್ಲಿ ಮಗುಚಿ ಸಾಯುವವರು ಬಹಳ ಕಡಿಮೆಯಾದರು. ಮುಂದೆ ಚಕ್ರ ಹತ್ತಿರ ಹತ್ತಿರ ಇರುವ ಮೂರು ಕಾಲಿನಂಥ ಗಾಡಿಗಳು ಇಳಿಜಾರಿನಲ್ಲಿ, ಬದುವಿನ ಅಂಚಿನಲ್ಲಿ ಬೇಗ ಪಕ್ಕಕ್ಕೆ ಉರುಳುತ್ತವೆ. ಹಿಂದಕ್ಕೆ ಮಗುಚುವುದಂತೂ ಕಾಲು ಕ್ಲಚ್ಚಿಗೆ ಹೋಗುವಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ಎಳೆಯುವ ಭಾರ ಯಾವಾಗಲೂ ಗಾಡಿಯ ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೆ, ಅಂದರೆ ಡ್ರಾಬಾರಿಗೆ, ಮೇಲೆಲ್ಲೋ ಸಿಕ್ಕಿಸಬಾರದು. ಎಡ ಬಲ ಬ್ರೇಕುಗಳನ್ನು ರಸ್ತೆಗೆ ಇಳಿಯುವ ಮೊದಲು ಕೂಡಿಸಿ ಕೊಂಡಿ ಹಾಕಬೇಕು. ಆ ಮಾಡೆಲ್ಲಿಗೆ ಸರಿಯಾದ ಚೌಕಟ್ಟು ಸಿಗುವುದಾದರೆ ಬೆಲ್ಟ್ ಜೊತೆ ಹಾಕಿಸಿ. ಊರಿನ ವೆಲ್ಡಿಂಗ್‌ನವರ ಹತ್ತಿರ ಪೈಪ್ ಬಗ್ಗಿಸಿ ಸುಮ್ನೆ ಮಾಡಿಸಿದ್ದು ಭಾರ ತಡೆಯಲ್ಲ. ನಮ್ಮ ಗಾಡಿ ಸಮತಟ್ಟಾದ ಹೊಲ ಬಿಟ್ಟು ಬೇರೆಡೆಗೆ ಹೋಗಲ್ಲ. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸುವ ಮಾತೇ ಇಲ್ಲ, ಎಷ್ಟು ಅತ್ತರೂ.

"ಹಾಗಾದ್ರೆ ನಾವೂ ಒಂದು ಹಳೇದು ತಗೊಳ್ಳೋಣ್ವಾ?" ಇದು ಅದರ ಹಿಂದೆಯೇ ಬರುವ ಪ್ರಶ್ನೆ. ಉಳುವುದು, ಸಾಗಿಸುವುದು ಎಲ್ಲದಕ್ಕೂ ಒಂದೇ ಗಾಡಿ ಅಂತಾದರೆ ಬೇಡ. ಅದಕ್ಕೆ ಹೊಸದೇ ಸರಿ. ಇರುವ ಗಾಡಿಯ ಜೊತೆಗೆ ಎರಡನೆಯದು, ಎಡೆಗೆ ಮಾತ್ರ ಅಂತಾದರೆ ನೋಡಿ. ನೋಡುವಾಗ ಎಲ್ಲರೂ ಎಂಜಿನ್ ಶಬ್ದ ಕೇಳುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ. ಎಡೆಯ ಕೆಲಸಕ್ಕೆ ಎಂಜಿನ್ ಸ್ವಲ್ಪ ಸೋತಿದ್ದರೂ ನಡೆಯುತ್ತದೆ. ನಾನು ಮೊದಲು ಹಿಡಿಯುವುದು ಸ್ಟೇರಿಂಗ್. ಚಕ್ರ ಅಲುಗದೆ ಸ್ಟೇರಿಂಗ್ ಎಷ್ಟು ತಿರುಗುತ್ತದೆ ನೋಡಬೇಕು. ಪ್ಲೇ ಜಾಸ್ತಿ ಇದ್ದರೆ ಟೈ ರಾಡ್ ತುದಿ, ಕಿಂಗ್‌ಪಿನ್ ಬುಶ್, ಸ್ಟೇರಿಂಗ್ ಬಾಕ್ಸ್, ಇದರಲ್ಲಿ ಯಾವುದು ಸವೆದಿದೆ ಅಂತ ಹುಡುಕಬೇಕು. ಮೊದಲೆರಡು ಬದಲಾಯಿಸುವುದು ಸುಲಭ, ಬಾಕ್ಸ್ ಆದರೆ ಖರ್ಚು. ಆಮೇಲೆ ಕೆಳ ಲಿಂಕಿನ ಗುಂಡು ಸವೆದಿದೆಯಾ, ಕುಂಟೆ ಎತ್ತಿ ಎಂಜಿನ್ ಆಫ್ ಮಾಡಿದರೆ ಎಷ್ಟು ಹೊತ್ತಿಗೆ ಕೆಳಗೆ ಕೂರುತ್ತದೆ, ಹಿಂದಿನ ಚಕ್ರದ ಅಗಲ ಬದಲಾಯಿಸುವ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿ ಹೋಗಿವೆಯಾ. ಕೊನೆಯದನ್ನು ಯಾರೂ ನೋಡಲ್ಲ. ಮಾರುವವನ ಮುಂದೆಯೇ ಸ್ಪ್ಯಾನರ್ ಹಾಕಿ ಒಂದನ್ನು ಸಡಿಲಿಸಿ ನೋಡಿ. ಬರದಿದ್ದರೆ ರೇಟು ಇಳಿಸಿ ಕೇಳಿ.